ಹಳ್ಳಿಯ ಸೈಕಲ್ ದಾರಿ: ಐರ್ಲೆಂಡಿನಿಂದ ಹಿರೇಗುಂಟನೂರಿನವರೆಗೆ

ನಕ್ಷೆಯಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಎಳೆದ ಗೆರೆ ಬಸ್ಸಿನಲ್ಲಿ ಕುಳಿತವರಿಗೆ ಬರೀ ಗೆರೆ. ಸೈಕಲ್ ತುಳಿಯುವವರಿಗೆ ಹಾಗಲ್ಲ. ಆ ಗೆರೆಯಲ್ಲಿ ಏರು, ಇಳಿಜಾರು, ಮರಳು, ಎದುರುಗಾಳಿ, ಮುಳ್ಳು ಎಲ್ಲವೂ ಸೇರಿರುತ್ತವೆ. ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯಲ್ಲಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಕೇಳಿ ನೋಡಿ. ಎಲ್ಲಿ ಇಳಿದು ತಳ್ಳಬೇಕು, ಎಲ್ಲಿ ಪೆಡಲ್ ಮುಟ್ಟದೆ ಹೋಗಬಹುದು, ಎಲ್ಲಿ ಲಾರಿ ಬಂದರೆ ಹೊಲಕ್ಕೆ ಇಳಿಯಬೇಕು ಎಂದು ಅವರು ಥಟ್ಟನೆ ಹೇಳುತ್ತಾರೆ. ಅವರ ತಲೆಯಲ್ಲಿರುವುದು ಭೂಗೋಳದ ಪುಸ್ತಕದಲ್ಲಿ ಇಲ್ಲದ ಒಂದು ನಕ್ಷೆ.

ಇಂಥ ನಕ್ಷೆಯನ್ನು ಕಾಗದದ ಮೇಲೆ ಬರೆದು, ಅದರ ಸುತ್ತ ಒಂದು ದೊಡ್ಡ ಪ್ರವಾಸೋದ್ಯಮವನ್ನೇ ಕಟ್ಟಿದ ದೇಶಗಳಲ್ಲಿ ಐರ್ಲೆಂಡ್ ಒಂದು. ಇಡೀ ದ್ವೀಪದ ವಿಸ್ತೀರ್ಣ ಸುಮಾರು 84,000 ಚದರ ಕಿ.ಮೀ., ಅಂದರೆ ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. ಕೆರಿ, ಮೇಯೋ, ಡೊನೆಗಾಲ್ ಮುಂತಾದ ಪಶ್ಚಿಮದ ಸೀಮೆಗಳಲ್ಲಿ ಸೈಕಲ್ ತುಳಿಯಲೆಂದೇ ಹೊರದೇಶದವರು ಬರುತ್ತಾರೆ. ಅವರು ಹುಡುಕುವುದು ಹೆದ್ದಾರಿಯನ್ನಲ್ಲ, ಎರಡು ಬೇಲಿಗಳ ನಡುವಿನ ಸಣ್ಣ ಹಳ್ಳಿರಸ್ತೆಯನ್ನು. ಐರಿಷ್ ಭಾಷೆಯಲ್ಲಿ ರಸ್ತೆಗೆ 'ಬೋಹರ್' ಎನ್ನುತ್ತಾರೆ. 'ಬೋ' ಎಂದರೆ ಹಸು. ಒಂದು ಹಸು ಉದ್ದಕ್ಕೂ ಇನ್ನೊಂದು ಅಡ್ಡಕ್ಕೂ ನಿಲ್ಲುವಷ್ಟು ಅಗಲವಿದ್ದರೆ ಅದು ರಸ್ತೆ ಎಂದು ಅಲ್ಲಿಯ ಒಂದು ಹಳೆಯ ನಿಘಂಟು ವಿವರಿಸುತ್ತದೆ. ಅದಕ್ಕಿಂತ ಕಿರಿದಾದದ್ದು 'ಬೋಹ್ರೀನ್'. ದನದ ದಾರಿ, ಬಂಡಿಜಾಡು ಎಂದರೆ ಏನೆಂದು ಗೊತ್ತಿರುವ ನಮಗೆ ಈ ಅಳತೆ ವಿಚಿತ್ರವೆನಿಸಬೇಕಾಗಿಲ್ಲ.

ಆದರೆ ದನದ ದಾರಿ ತಾನಾಗಿಯೇ ಸೈಕಲ್ ದಾರಿ ಆಗುವುದಿಲ್ಲ. ಅದಕ್ಕೆ ಎರಡು ಬದಲಾವಣೆ ಬೇಕಾದವು. ಚಕ್ರ ಬದಲಾಗಬೇಕಾಯಿತು, ನೆಲವೂ ಬದಲಾಗಬೇಕಾಯಿತು. ಚಕ್ರದ ಕಥೆ ಸುಖಾಂತವಾದದ್ದು, ಎಲ್ಲರಿಗೂ ಗೊತ್ತಿರುವಂಥದ್ದು. ನೆಲದ ಕಥೆ ಅಷ್ಟು ಸುಖದ್ದಲ್ಲ.

ಬೆಲ್‌ಫಾಸ್ಟಿನ ಅಂಗಳ

1885ರ ಹೊತ್ತಿಗೆ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ 'ರೋವರ್' ಎಂಬ ಸೈಕಲ್ಲನ್ನು ಮಾರುಕಟ್ಟೆಗೆ ತಂದಿದ್ದ. ಹೆಚ್ಚುಕಡಿಮೆ ಸಮಾನ ಅಳತೆಯ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ನಾವು ಇಂದು ಸೈಕಲ್ ಎಂದು ಕರೆಯುವ ವಾಹನದ ಆಕಾರ ಆಗಲೇ ಬಂದುಬಿಟ್ಟಿತ್ತು. ಆದರೆ ಟಯರು ಮಾತ್ರ ಗಟ್ಟಿ ರಬ್ಬರಿನದು. ಹಿಂದೆ ಇದ್ದ ಎತ್ತರದ ಚಕ್ರದ ಸೈಕಲ್ಲು ಗುಂಡಿಗಳ ಮೇಲೆ ಹೇಗೋ ದಾಟಿ ಹೋಗುತ್ತಿತ್ತು. ಚಕ್ರ ಚಿಕ್ಕದಾದ ಮೇಲೆ ರಸ್ತೆಯ ಪ್ರತಿಯೊಂದು ಕಲ್ಲಿನ ಪೆಟ್ಟೂ ಸವಾರನ ಬೆನ್ನಿಗೇ ತಾಗತೊಡಗಿತು.

ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಸ್ಕಾಟ್ಲೆಂಡ್ ಮೂಲದ ಪಶುವೈದ್ಯ ಇದ್ದ. ಅವನ ಚಿಕ್ಕ ಮಗ ಕಲ್ಲುಹಾಸಿನ ಬೀದಿಯಲ್ಲಿ ಮೂರು ಚಕ್ರದ ಸೈಕಲ್ಲು ಓಡಿಸಲು ಒದ್ದಾಡುತ್ತಿದ್ದ. ಡನ್‌ಲಪ್ ಮಾಡಿದ ಪ್ರಯೋಗ ಯಾವ ಶಾಲೆಯಲ್ಲಾದರೂ ಮಾಡಬಹುದಾದಷ್ಟು ಸರಳ. ಒಂದು ಮರದ ತಟ್ಟೆಯ ಅಂಚಿಗೆ ರಬ್ಬರ್ ಕೊಳವೆ ಸುತ್ತಿ, ಅದರ ಮೇಲೆ ಬಟ್ಟೆ ಬಿಗಿದು, ಗಾಳಿ ತುಂಬಿದ. ಅದನ್ನೂ ಗಟ್ಟಿ ರಬ್ಬರಿನ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿದ. ಗಟ್ಟಿ ಚಕ್ರ ಅರ್ಧದಲ್ಲೇ ಬಿತ್ತು. ಗಾಳಿಯ ಚಕ್ರ ಅಂಗಳದ ತುದಿಯವರೆಗೂ ಹೋಗಿ ಗೇಟಿಗೆ ಬಡಿಯಿತು. ಇದು 1887–88ರ ಮಾತು.

ಗಾಳಿಯ ಚಕ್ರ ಮೆತ್ತಗಿದ್ದೂ ಹೆಚ್ಚು ದೂರ ಹೋದದ್ದು ಹೇಗೆ? ತರಗತಿಯಲ್ಲಿ ಕೇಳಲು ಇದು ಒಳ್ಳೆಯ ಪ್ರಶ್ನೆ. ಗಟ್ಟಿ ಚಕ್ರ ಒಂದು ಕಲ್ಲಿಗೆ ಎದುರಾದಾಗ ಇಡೀ ಸೈಕಲ್ಲು, ಅದರ ಮೇಲಿನ ಸವಾರ ಎಲ್ಲರೂ ಕಲ್ಲಿನಷ್ಟು ಮೇಲೆ ಏರಬೇಕು. ಆ ಶಕ್ತಿ ಬರುವುದು ಮುಂದಕ್ಕೆ ಹೋಗುತ್ತಿರುವ ಚಲನಶಕ್ತಿಯಿಂದಲೇ. ಕಲ್ಲು ದಾಟಿ ಧಪ್ಪನೆ ಇಳಿದಾಗ ಅದರ ಬಹುಭಾಗ ಕುಲುಕಾಟದಲ್ಲಿ ವ್ಯರ್ಥವಾಗುತ್ತದೆ. ಗಾಳಿಯ ಟಯರು ಕಲ್ಲಿನ ಆಕಾರಕ್ಕೆ ತಕ್ಕಂತೆ ಅಷ್ಟು ಜಾಗದಲ್ಲಿ ಮಾತ್ರ ಒಳಕ್ಕೆ ಹೋಗುತ್ತದೆ. ಸವಾರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒತ್ತಿಹೋದ ಗಾಳಿ ಹಿಗ್ಗುವಾಗ ಶಕ್ತಿಯ ಹೆಚ್ಚಿನ ಪಾಲನ್ನು ಮರಳಿ ಕೊಡುತ್ತದೆ.

1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಹೊಸ ಟಯರಿನ ಸೈಕಲ್ಲಿನಲ್ಲಿ ಒಂದಾದ ಮೇಲೊಂದು ಪಂದ್ಯ ಗೆದ್ದ. ಅದೇ ವರ್ಷ ಡಬ್ಲಿನ್‌ನಲ್ಲಿ ಟಯರು ತಯಾರಿಸುವ ಕಂಪನಿ ಹುಟ್ಟಿತು. ಡನ್‌ಲಪ್‌ನ ಪೇಟೆಂಟ್ ಮಾತ್ರ ನಿಲ್ಲಲಿಲ್ಲ. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು 1845ರಲ್ಲಿಯೇ ಗಾಳಿಯ ಟಯರಿಗೆ ಪೇಟೆಂಟ್ ಪಡೆದಿದ್ದ. ಆಗ ಸೈಕಲ್ಲೇ ಇರಲಿಲ್ಲವಾದ್ದರಿಂದ ಅದು ಕುದುರೆಗಾಡಿಗೆಂದು ಮಾಡಿದ್ದು. ಜನ ಅದನ್ನು ಮರೆತೇಬಿಟ್ಟಿದ್ದರು.

ಸುಖಾಂತ ಎಂದೆನಲ್ಲ, ಅದಕ್ಕೂ ಒಂದು ಕಪ್ಪು ಅಂಚು ಇದೆ. ಟಯರಿಗೆ ಬೇಡಿಕೆ ಏರಿದಂತೆ ಕಾಡಿನ ರಬ್ಬರಿಗಾಗಿ ಆಫ್ರಿಕಾದ ಕಾಂಗೋದಲ್ಲಿ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಆಳ್ವಿಕೆ ಜನರ ಮೇಲೆ ಘೋರ ಹಿಂಸೆ ನಡೆಸಿತು. ಅದನ್ನು ಖುದ್ದಾಗಿ ನೋಡಿ, 1904ರಲ್ಲಿ ಪ್ರಕಟವಾದ ವರದಿಯಲ್ಲಿ ಜಗತ್ತಿಗೆ ತಿಳಿಸಿದವನು ಡಬ್ಲಿನ್ ಬಳಿ ಹುಟ್ಟಿದ ರೋಜರ್ ಕೇಸ್‌ಮೆಂಟ್.

ಹಸಿವಿನ ರಸ್ತೆಗಳು

ಈಗ ನೆಲದ ವಿಷಯ. ಐರ್ಲೆಂಡಿನ ನೈಋತ್ಯದಲ್ಲಿ ಕಾರ್ಕ್ ಮತ್ತು ಕೆರಿ ಸೀಮೆಗಳ ಗಡಿಯಲ್ಲಿ ಹೀಲಿ ಪಾಸ್ ಎಂಬ ಕಣಿವೆಮಾರ್ಗ ಇದೆ. ಸಮುದ್ರದಂಚಿನಿಂದ ಸುಮಾರು 330 ಮೀಟರ್ ಎತ್ತರಕ್ಕೆ ಸುತ್ತಿ ಸುತ್ತಿ ಏರುವ ಈ ರಸ್ತೆ ಸೈಕಲ್ ಪ್ರವಾಸಿಗಳಿಗೆ ಅಚ್ಚುಮೆಚ್ಚು. ಅದನ್ನು ಕಡಿಯಲು ಆರಂಭಿಸಿದ್ದು 1847ರಲ್ಲಿ. ಪ್ರವಾಸಿಗಳಿಗಾಗಿ ಅಲ್ಲ. ಆಲೂಗಡ್ಡೆಗೆ ರೋಗ ತಗಲಿ, ಬಡವರ ಒಂದೇ ಆಹಾರ ಕೊಳೆತುಹೋದ ಮಹಾಕ್ಷಾಮದ ಕಾಲ ಅದು. ಸರ್ಕಾರ ಪುಕ್ಕಟೆ ಅನ್ನ ಕೊಡಬಾರದು, ಕೆಲಸ ಮಾಡಿಸಿ ಕೂಲಿ ಕೊಡಬೇಕು ಎಂಬ ನೀತಿಯಿಂದ ರಸ್ತೆ ಕೆಲಸ ತೆಗೆಯಿತು. 1847ರ ಮಾರ್ಚಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಇಂಥ ಕೆಲಸಗಳಲ್ಲಿದ್ದರು. ಹಸಿದ ಹೆಂಗಸರು, ಮಕ್ಕಳು ಕೂಡ ಕಲ್ಲು ಒಡೆದರು. ಎಷ್ಟೋ ರಸ್ತೆಗಳು ಎಲ್ಲಿಗೂ ಹೋಗದೆ ಗುಡ್ಡದ ಮೇಲೆಯೇ ನಿಂತವು. ಹೀಲಿ ಪಾಸ್ ಕೂಡ ಅರ್ಧಕ್ಕೆ ನಿಂತು, ಮುಗಿದದ್ದು 1931ರಲ್ಲಿ. 1841ರಲ್ಲಿ 81 ಲಕ್ಷ ಮೀರಿದ್ದ ದ್ವೀಪದ ಜನಸಂಖ್ಯೆ 1851ರಲ್ಲಿ 65 ಲಕ್ಷದ ಆಸುಪಾಸಿಗೆ ಇಳಿದಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು, ಉಳಿದವರು ಹಡಗು ಹತ್ತಿದ್ದರು.

ಈ ಕಥೆ ಬಯಲುಸೀಮೆಯವರಿಗೆ ಎಲ್ಲೋ ಕೇಳಿದಂತಿದೆ ಅಲ್ಲವೆ? ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಒಂದಿಷ್ಟು ಕಡಿಮೆ. ನಡುವೆ ಬಂದದ್ದು 1876–78ರ ಧಾತು ಈಶ್ವರ ಬರ. ನೆನಪಿಡಿ, ಎರಡು ಗಣತಿಗಳ ನಡುವೆ ಹೆಚ್ಚಬೇಕಾಗಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಮೀರಿ ಕುಗ್ಗಿತು. ಇಲ್ಲಿಯೂ ಪರಿಹಾರವೆಂದರೆ ಕೆಲಸವೇ: ಕೆರೆ, ರಸ್ತೆ, ರೈಲಿನ ಮಣ್ಣು ಕೆಲಸ. ಬೆಂಗಳೂರು–ಮೈಸೂರು ರೈಲು ದಾರಿಗೆ ಮಣ್ಣು ಹಾಕಿದ್ದು ಬರಪೀಡಿತರು. ಪಕ್ಕದ ಮದ್ರಾಸ್ ಪ್ರಾಂತದಲ್ಲಿ ಒಬ್ಬ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಲಾಗಿತ್ತು. ಮಣ್ಣು ಹೊರುವ ಮನುಷ್ಯನಿಗೆ ಒಂದು ದಿನಕ್ಕೆ ಮೂರು ಸಾವಿರ ಕಿಲೊಕ್ಯಾಲೊರಿಯಾದರೂ ಬೇಕು. 450 ಗ್ರಾಂ ಧಾನ್ಯದಲ್ಲಿ ಇರುವುದು ಸುಮಾರು 1,550. ಲೆಕ್ಕ ಅಷ್ಟೇ.

ಚಿತ್ರದುರ್ಗದ ರಸ್ತೆಗಳೆಲ್ಲ ಬರದಲ್ಲೇ ಆದವು ಎಂದು ಇದರ ಅರ್ಥವಲ್ಲ. ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ (1834–1861) ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ, ಮುನ್ನೂರಕ್ಕೂ ಹೆಚ್ಚು ಸೇತುವೆ ಆಗಿದ್ದವು. ಅದಕ್ಕೂ ಮೊದಲು ಪಾಳೆಯಗಾರರ ದಾರಿಗಳು, ಕಾಡುಗೊಲ್ಲರು ಮತ್ತು ಮ್ಯಾಸಬೇಡರು ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿಗಳು ಇದ್ದೇ ಇದ್ದವು. ಆದರೆ ಬರದ ಕೆಲಸಕ್ಕೂ ಹಳ್ಳಿಯ ದಾರಿಗೂ ಇರುವ ನಂಟು ನಮ್ಮಲ್ಲಿ ತೀರಾ ಇತ್ತೀಚಿನವರೆಗೂ ಬಂದಿದೆ. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ ಮೊದಲ ಹಂತಕ್ಕೆ ಆಯ್ಕೆಯಾದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಆ ಯೋಜನೆಯಲ್ಲಿ ಎಷ್ಟೋ ಹೊಲದ ದಾರಿಗಳು ಆದವು. ಉಪಾಧ್ಯಾಯರು ಮಕ್ಕಳಿಗೆ ಒಂದು ಕೆಲಸ ಕೊಡಬಹುದು. ಊರಿನ ಅಜ್ಜ ಅಜ್ಜಿಯರನ್ನು ಕೇಳಿ, ಈ ದಾರಿಗೆ ಮೊದಲು ಮಣ್ಣು ಹಾಕಿದ್ದು ಯಾವ ಬರದಲ್ಲಿ, ಕೂಲಿ ಕಾಳಿನಲ್ಲೋ ದುಡ್ಡಿನಲ್ಲೋ ಎಂದು ಬರೆದುಕೊಳ್ಳಲಿ.

ಏರನ್ನು ಅಳೆದವರು

ಟಯರು ಸಿಕ್ಕಿತು, ರಸ್ತೆ ಇತ್ತು. ಇನ್ನು ಬೇಕಾದದ್ದು ಯಾವ ರಸ್ತೆ ತುಳಿಯಲು ಯೋಗ್ಯ ಎಂಬ ಮಾಹಿತಿ. 1878ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗಳ ಸಂಘ ಅಪಾಯದ ಇಳಿಜಾರುಗಳ ತಲೆಯಲ್ಲಿ ಎಚ್ಚರಿಕೆಯ ಫಲಕ ನೆಟ್ಟಿತು. ಮೋಟಾರು ಕಾರು ಬರುವ ಮೊದಲೇ ರಸ್ತೆಯ ಎಚ್ಚರಿಕೆ ಫಲಕ ಬಂದದ್ದು ಸೈಕಲ್ಲಿನಿಂದ ಎಂಬುದು ಸ್ವಾರಸ್ಯ. ಡಬ್ಲಿನ್‌ನಲ್ಲಿ 'ಐರಿಷ್ ಸೈಕ್ಲಿಸ್ಟ್' ಪತ್ರಿಕೆ ನಡೆಸುತ್ತಿದ್ದ ರಿಚರ್ಡ್ ಮೆಕ್ರೀಡಿ ದೇಶದ ರಸ್ತೆಗಳ ಕೈಪಿಡಿ ತಂದ. ಎಡಿನ್‌ಬರೊದ ಹ್ಯಾರಿ ಇಂಗ್ಲಿಸ್ ಇನ್ನೂ ಮುಂದೆ ಹೋಗಿ, ರಸ್ತೆ ಎಷ್ಟು ಏರುತ್ತದೆ ಎಷ್ಟು ಇಳಿಯುತ್ತದೆ ಎಂಬುದನ್ನು ಪಕ್ಕದಿಂದ ಕಂಡಂತೆ ಚಿತ್ರಿಸಿದ ಪುಸ್ತಕಗಳನ್ನು ಪ್ರಕಟಿಸಿದ. ಐರ್ಲೆಂಡಿನ ಪುಸ್ತಕ ಬಂದದ್ದು 1908ರಲ್ಲಿ. ಕೋಟಿನ ಜೇಬಿನಲ್ಲಿ ಹಿಡಿಸುವ ಆ ಪುಸ್ತಕದಲ್ಲಿ ಸವಾರನಿಗೆ ಸಿಗುತ್ತಿದ್ದದ್ದು ಮುಖ್ಯವಾಗಿ ಒಂದು ಸಂಖ್ಯೆ: ಎಷ್ಟು ಅಡಿ ಮುಂದಕ್ಕೆ ಹೋದರೆ ಒಂದು ಅಡಿ ಮೇಲೆ.

ಆ ಸಂಖ್ಯೆಗೆ ಅಷ್ಟು ಬೆಲೆ ಏಕೆ? ಲೆಕ್ಕ ಹಾಕೋಣ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ 50 ಕೆ.ಜಿ., ಸೈಕಲ್ಲು 20 ಕೆ.ಜಿ., ಒಟ್ಟು 70 ಕೆ.ಜಿ. ತೂಕ ಸುಮಾರು 700 ನ್ಯೂಟನ್. ಗಾಳಿಯಿಲ್ಲದ ಬೆಳಿಗ್ಗೆ, ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ 12 ಕಿ.ಮೀ. ಹೋಗುವಾಗ ಟಯರಿನ ಉರುಳು ಘರ್ಷಣೆ ಸುಮಾರು 7 ನ್ಯೂಟನ್, ಗಾಳಿಯ ತಡೆ ಸುಮಾರು 4. ಒಟ್ಟು 11 ನ್ಯೂಟನ್. ಬೇಕಾದ ಸಾಮರ್ಥ್ಯ 37 ವಾಟ್. ನಡೆಯುವಷ್ಟೂ ಆಯಾಸವಿಲ್ಲ.

ಈಗ ಇಪ್ಪತ್ತಕ್ಕೆ ಒಂದರಂತೆ ಏರುವ ರಸ್ತೆ ಬಂತು ಎನ್ನಿ. ಕಣ್ಣಿಗೆ ಅದು ದೊಡ್ಡ ಏರಾಗಿ ಕಾಣುವುದಿಲ್ಲ. ಆದರೆ ತೂಕದ ಇಪ್ಪತ್ತನೆಯ ಒಂದು ಪಾಲು, ಅಂದರೆ 35 ನ್ಯೂಟನ್, ಹಿಂದಕ್ಕೆ ಎಳೆಯುತ್ತದೆ. ಅದೇ ವೇಗದಲ್ಲಿ ಹೋಗಲು 150 ವಾಟ್ ಮೀರಿ ಬೇಕು, ಅಂದರೆ ನಾಲ್ಕು ಪಟ್ಟು. ಅಷ್ಟನ್ನು ಬಹಳ ಹೊತ್ತು ಕೊಡಲು ಸಾಮಾನ್ಯರಿಗೆ ಆಗದು. ಹಾಗಾದರೆ ನಿಧಾನ ಮಾಡಬಹುದಲ್ಲ? ಗಂಟೆಗೆ 7 ಕಿ.ಮೀ. ವೇಗಕ್ಕೆ ಇಳಿದರೆ 90 ವಾಟ್‌ಗಿಂತ ಕಡಿಮೆ ಸಾಕು. ಇಲ್ಲಿಯೇ ಇನ್ನೊಂದು ತೊಡಕು ಬರುವುದು. ಗೇರಿಲ್ಲದ ನಮ್ಮ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಗಂಟೆಗೆ 7 ಕಿ.ಮೀ. ಎಂದರೆ ನಿಮಿಷಕ್ಕೆ 22 ಸುತ್ತು ಮಾತ್ರ. ಅಷ್ಟು ನಿಧಾನವಾಗಿ ತಿರುಗುವ ಪೆಡಲಿನ ಮೇಲೆ ಸರಾಸರಿ 225 ನ್ಯೂಟನ್ ಬಲ ಬೀಳಬೇಕು, ಹುಡುಗಿಯ ತೂಕದ ಹತ್ತಿರ ಹತ್ತಿರ ಅರ್ಧ. ಕ್ರ್ಯಾಂಕು ನೆಟ್ಟಗೆ ನಿಂತಾಗ ಬಲ ಕೆಲಸಕ್ಕೆ ಬಾರದಿರುವುದರಿಂದ ಉಳಿದ ಭಾಗದಲ್ಲಿ ಇನ್ನೂ ಹೆಚ್ಚು ಬೇಕು. ಸೀಟಿನಿಂದ ಎದ್ದು ನಿಂತು ತುಳಿಯುತ್ತಾಳೆ, ಕೊನೆಗೆ ಇಳಿದು ತಳ್ಳುತ್ತಾಳೆ. ಅವಳ ಮೈಯಲ್ಲಿ ಶಕ್ತಿ ಇಲ್ಲವೆಂದಲ್ಲ, ಸೈಕಲ್ಲಿನಲ್ಲಿ ಗೇರ್ ಇಲ್ಲ.

ಈ ವಿಷಯದಲ್ಲಿ ಒಬ್ಬ ಐರಿಷ್ ಹೆಣ್ಣುಮಗಳನ್ನು ನೆನೆಯಲೇಬೇಕು. ವಾಟರ್‌ಫೋರ್ಡ್ ಸೀಮೆಯ ಲಿಸ್‌ಮೋರ್ ಊರಿನ ಡರ್ವ್‌ಲಾ ಮರ್ಫಿಗೆ 1941ರಲ್ಲಿ ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೆಯ ಸೈಕಲ್ಲು ಮತ್ತು ಒಂದು ಭೂಪಟದ ಪುಸ್ತಕ ಸಿಕ್ಕಿದವು. ಸೈಕಲ್ಲಿನಲ್ಲೇ ಭಾರತಕ್ಕೆ ಹೋಗುತ್ತೇನೆಂದು ಆಗಲೇ ನಿರ್ಧರಿಸಿದಳು. ಹೊರಟದ್ದು 1963ರ ಜನವರಿಯಲ್ಲಿ. ಯೂರೋಪಿನ ಹಿಮ, ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಸುಮಾರು ಆರು ತಿಂಗಳಲ್ಲಿ ದೆಹಲಿ ತಲುಪಿದರು. ಹೊರಡುವ ಮುನ್ನ ಅವರು ಮಾಡಿಸಿದ ಒಂದು ಕೆಲಸ ನಮ್ಮ ಲೆಕ್ಕಕ್ಕೆ ತೀರಾ ವಿರುದ್ಧ: ಸೈಕಲ್ಲಿನಲ್ಲಿದ್ದ ಮೂರು ವೇಗದ ಗೇರನ್ನು ಕಳಚಿಸಿದರು. ಏಷ್ಯಾದ ರಸ್ತೆಗಳಲ್ಲಿ ಆ ಸೂಕ್ಷ್ಮ ಭಾಗ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದಿಲ್ಲ ಎಂಬ ಎಣಿಕೆ. ಏರಿನಲ್ಲಿ ತಳ್ಳಿದರಾಯಿತು, ದಾರಿಯ ಮಧ್ಯೆ ನಿಲ್ಲಬಾರದು. ನಮ್ಮ ಹಳ್ಳಿಗಳ ಕಪ್ಪು ಸೈಕಲ್ಲು ದಶಕಗಟ್ಟಲೆ ಬದಲಾಗದೆ ಉಳಿದದ್ದಕ್ಕೂ ಇದೇ ಒಂದು ಕಾರಣ. ರಾಡ್ ಬ್ರೇಕು, ಅಗಲ ಟಯರು, ದಪ್ಪ ಕ್ಯಾರಿಯರ್. ಯಾವ ಭಾಗ ಮುರಿದರೂ ಸಂತೆ ಊರಿನಲ್ಲಿ ಸಿಗುತ್ತಿತ್ತು. ಇದೇ ಮರ್ಫಿ 1973ರ ಚಳಿಗಾಲದಲ್ಲಿ ಐದು ವರ್ಷದ ಮಗಳೊಂದಿಗೆ ಕೊಡಗಿಗೂ ಬಂದು ಕೆಲಕಾಲ ನೆಲೆಸಿದ್ದರು, ಅದರ ಬಗ್ಗೆ 1976ರಲ್ಲಿ ಪುಸ್ತಕ ಬರೆದರು. ಅವರು ತೀರಿಕೊಂಡದ್ದು 2022ರಲ್ಲಿ, ಲಿಸ್‌ಮೋರಿನಲ್ಲೇ.

ನೀರು, ರೈಲು ಕಂಡುಹಿಡಿದ ದಾರಿ

ಗೇರೂ ಇಲ್ಲ, ಏರೂ ಬೇಡ ಎಂದರೆ? ನೆಲವನ್ನು ಈಗಾಗಲೇ ಮಟ್ಟ ಮಾಡಿಟ್ಟವರ ದಾರಿಯಲ್ಲಿ ಹೋಗಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರುವುದರಿಂದ ರೈಲಿಗೆ ಕಡಿದಾದ ಏರು ಆಗದು. ನೂರಕ್ಕೆ ಒಂದರಷ್ಟು ಏರನ್ನೇ ರೈಲ್ವೆಯವರು ದೊಡ್ಡದೆನ್ನುತ್ತಾರೆ. ನಮ್ಮ ಲೆಕ್ಕದ ಹುಡುಗಿಗೆ ಅದು ಬರೀ 7 ನ್ಯೂಟನ್. ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಬಡ ಕರಾವಳಿಗೆಂದು 1890ರ ದಶಕದಲ್ಲಿ ಹಾಕಿದ ವೆಸ್ಟ್‌ಪೋರ್ಟ್–ಅಕಿಲ್ ರೈಲು 1937ರಲ್ಲಿ ನಿಂತುಹೋಯಿತು. ಹಳಿ ಹೋದರೂ ಮಟ್ಟ ಮಾಡಿದ ಮಣ್ಣಿನ ಏರಿ ಉಳಿಯಿತು. 2010ರಲ್ಲಿ ಅದರ ಮೊದಲ ಭಾಗ ಸೈಕಲ್ ದಾರಿಯಾಗಿ ತೆರೆಯಿತು. ಪೂರ್ತಿ ಉದ್ದ ಸುಮಾರು 42 ಕಿ.ಮೀ. ಅಂಚಿನಲ್ಲಿರುವ ರೈತರ ಒಪ್ಪಿಗೆ ಪಡೆದೇ ಹಾಕಿದ ದಾರಿ ಅದು. ಡಬ್ಲಿನ್‌ನಿಂದ ಪಶ್ಚಿಮಕ್ಕೆ ಶಾನನ್ ನದಿಯವರೆಗೆ 1817ರಲ್ಲಿ ಮುಟ್ಟಿದ ರಾಯಲ್ ಕಾಲುವೆಯದೂ ಇಂಥದೇ ಕಥೆ. ದೋಣಿ ಎಳೆಯುವ ಕುದುರೆಗಳಿಗೆಂದು ದಂಡೆಯಲ್ಲಿ ಮಾಡಿದ ಕಾಲುದಾರಿ 2021ರಲ್ಲಿ ಸುಮಾರು 130 ಕಿ.ಮೀ. ಸೈಕಲ್ ಹಾದಿಯಾಯಿತು. ನೀರು ಎಂದೂ ಏರನ್ನು ಹತ್ತುವುದಿಲ್ಲವಾದ್ದರಿಂದ ಕಾಲುವೆಯ ದಂಡೆ ಬಹುಮಟ್ಟಿಗೆ ಸಮೋನ್ನತಿ ರೇಖೆಯ ಮೇಲೆ ನಡೆಯುತ್ತದೆ.

ಇಲ್ಲಿಗೆ ನಾವು ಮತ್ತೆ ಚಿತ್ರದುರ್ಗಕ್ಕೆ ಬಂದೆವು. ಬಿಟ್ಟುಹೋದ ರೈಲು ಹಾದಿ ಇಲ್ಲದಿದ್ದರೂ ಕೆರೆ ಏರಿಗಳಿಗೆ, ಕಾಲುವೆಗಳಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ಹಿರೇಗುಂಟನೂರು ಹೋಬಳಿಯಲ್ಲೇ ಭೀಮಸಮುದ್ರದ ದೊಡ್ಡ ಕೆರೆಯಿದೆ, ಅದರ ಸುತ್ತ ಅಡಿಕೆ ತೋಟಗಳಿವೆ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರವಿದೆ. 1933ರಲ್ಲಿ ತುಂಬಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ತುಂಬಿದ್ದು 2022ರಲ್ಲಿ. ಅದರ ಎಡ, ಬಲ ದಂಡೆ ಕಾಲುವೆಗಳ ಪಕ್ಕದ ದಾರಿಯನ್ನು ಒಮ್ಮೆ ನೋಡಿ. ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಗಳೂ ಈ ಜಿಲ್ಲೆಯಲ್ಲಿ ಹಾಯುತ್ತವೆ, ಅವುಗಳ ಪಕ್ಕದಲ್ಲೂ ಮೇಲ್ವಿಚಾರಣೆಯ ರಸ್ತೆ ಇರುತ್ತದೆ. ಆ ರಸ್ತೆಯ ಒಂದು ಅಂಚನ್ನು ಶಾಲೆಗೆ ಹೋಗುವ ಮಕ್ಕಳಿಗೆ ಬಿಡಲು ಆಗದ ಕೆಲಸವೇನಲ್ಲ. ಕಾಲುವೆ ಕಡೆಗೆ ಗಟ್ಟಿ ಬೇಲಿ ಹಾಕಬೇಕು, ಅಷ್ಟೆ.

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಮತ್ತೆ ಚಿತ್ರದುರ್ಗ. ಈ ಸುತ್ತು ನೂರೈವತ್ತು ಕಿ.ಮೀ. ಆಸುಪಾಸು. ಎರಡು ಮೂರು ದಿನ ಬಿಡುವಿರುವ ಕಾಲೇಜು ವಿದ್ಯಾರ್ಥಿಗಳು ಹೋಗಿಬರಬಹುದಾದ ದಾರಿ. ಆದರೆ ಯಾವ ದಿಕ್ಕಿನಿಂದ ಸುತ್ತಬೇಕು? ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಉತ್ತರ ಹೇಳುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಗಾಳಿ ಬೀಸುವುದು ಪಶ್ಚಿಮ–ನೈಋತ್ಯದಿಂದ. ಗಂಟೆಗೆ 18 ಕಿ.ಮೀ. ವೇಗದ ಎದುರುಗಾಳಿಯಲ್ಲಿ ನಮ್ಮ ಹುಡುಗಿ 12 ಕಿ.ಮೀ. ವೇಗದಲ್ಲಿ ಹೋದರೆ ಅವಳಿಗೆ ತಗಲುವ ಗಾಳಿಯ ವೇಗ 30 ಕಿ.ಮೀ. ತಡೆಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 4 ನ್ಯೂಟನ್ ಇದ್ದದ್ದು 25 ಆಗುತ್ತದೆ. ಹೆಚ್ಚಾದ 21 ನ್ಯೂಟನ್ ನೂರಕ್ಕೆ ಮೂರರ ಏರಿಗೆ ಸಮ. ಅಂದರೆ ಮುಂಗಾರಿನ ಗಾಳಿ ಸಮತಟ್ಟು ರಸ್ತೆಯನ್ನು ಕಣ್ಣಿಗೆ ಕಾಣದ ಗುಡ್ಡ ಮಾಡಿಬಿಡುತ್ತದೆ. ಗಾಳಿ ಏಳುವ ಮೊದಲು, ಬೆಳಗಿನ ಜಾವದಲ್ಲಿ ಹೊಳಲ್ಕೆರೆಯ ಕಡೆ ಹೊರಡುವುದು ಲೇಸು. ಐರ್ಲೆಂಡಿನಲ್ಲೂ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿಯೇ. ಪಶ್ಚಿಮ ಕರಾವಳಿಯನ್ನು ದಕ್ಷಿಣದಿಂದ ಉತ್ತರಕ್ಕೆ ತುಳಿದರೆ ಗಾಳಿ ಬೆನ್ನಿಗೆ ಬರುತ್ತದೆ.

ಐರ್ಲೆಂಡಿನವರಿಗೆ ಇಲ್ಲದ ಒಂದು ತೊಂದರೆ ನಮಗಿದೆ. ಮಳೆಯಲ್ಲಿ ನೆನೆಯುವ ಅವರ ಹಸಿರು ನೆಲದಲ್ಲಿ ಜಾಲಿಯಿಲ್ಲ, ನೆಗ್ಗಿಲು ಮುಳ್ಳಿಲ್ಲ. ನೆಗ್ಗಿಲಿನ ಕಾಯಿ ಒಡೆದು ಬಿದ್ದರೆ ಅದರ ತುಂಡು ಹೇಗೆ ಉರುಳಿದರೂ ಒಂದು ಮುಳ್ಳು ಮೇಲೆ ನೋಡುತ್ತಲೇ ಇರುತ್ತದೆ. ಕಾಲಿಗೋ ಟಯರಿಗೋ ಚುಚ್ಚಿಕೊಂಡು ಬೇರೆ ಊರು ಸೇರುವುದು ಅದರ ಬೀಜಪ್ರಸಾರದ ಉಪಾಯ. ಅಮೆರಿಕದಲ್ಲಿ ಈ ಗಿಡಕ್ಕೆ 'ಪಂಕ್ಚರ್ ಬಳ್ಳಿ' ಎಂದೇ ಹೆಸರು. ಡನ್‌ಲಪ್‌ನ ಗಾಳಿ ಟಯರಿಗೆ ಬಯಲುಸೀಮೆ ಕೊಟ್ಟ ಉತ್ತರ ಇದು ಎನ್ನಬಹುದು. ಪ್ರತಿ ಸಂತೆ ಊರಿನಲ್ಲೂ ನೀರಿನ ಬಾಂಡಲಿ, ಸಲ್ಯೂಷನ್ ಡಬ್ಬಿ, ಪಂಪು ಇಟ್ಟುಕೊಂಡು ಕೂರುವ ಸೈಕಲ್ ಶಾಪಿನವರು ಇಲ್ಲದಿದ್ದರೆ ಗಾಳಿಯ ಟಯರು ಇಲ್ಲಿ ನೆಲೆ ನಿಲ್ಲುತ್ತಿರಲಿಲ್ಲ.

ಮುಳ್ಳಿಗಿಂತ ದೊಡ್ಡ ತೊಂದರೆ ಲಾರಿ. ಹಿರೇಗುಂಟನೂರು ಹೋಬಳಿಯ ಮೇಘಲಹಳ್ಳಿ, ಭೀಮಸಮುದ್ರದ ಕಡೆ ಕಬ್ಬಿಣದ ಅದಿರಿನ ಗಣಿಗಳಿವೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಷರತ್ತುಗಳೊಂದಿಗೆ ಬಿಟ್ಟಿತು. ಅದಿರು ಹೊತ್ತ ಲಾರಿ ಹಳ್ಳಿರಸ್ತೆಗೆ ಮಾಡುವ ಹಾನಿಗೆ ರಸ್ತೆ ಎಂಜಿನಿಯರುಗಳಲ್ಲಿ ಒಂದು ಸ್ಥೂಲ ಸೂತ್ರವಿದೆ. ಅಕ್ಷದ ಮೇಲಿನ ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು, ಅಂದರೆ ಭಾರದ ನಾಲ್ಕನೆಯ ಘಾತ. ಅರ್ಧ ಟನ್ ಭಾರದ ಕಾರಿನ ಅಕ್ಷಕ್ಕೆ ಹೋಲಿಸಿದರೆ ಹತ್ತು ಟನ್ನಿನ ಒಂದು ಲಾರಿ ಅಕ್ಷ ಮಾಡುವ ಹಾನಿ 1,60,000 ಪಟ್ಟು. ಸೈಕಲ್ಲಿನದು ಲೆಕ್ಕಕ್ಕೇ ಬರುವುದಿಲ್ಲ. ರಸ್ತೆ ಕೆಡಿಸದವರೇ ಕೆಟ್ಟ ರಸ್ತೆಯಲ್ಲಿ ಹೋಗಬೇಕಾಗಿದೆ. ಬೆಂಗಳೂರು–ಪುಣೆ ಹೆದ್ದಾರಿ ಅಗಲವಾದ ಮೇಲೆ ಅದನ್ನು ದಾಟುವುದೇ ಸೈಕಲ್ಲಿನವರಿಗೆ ಸಾಹಸ. ಬಸ್ಸಿನವರಿಗೆ ಊರುಗಳು ಹತ್ತಿರವಾದವು, ರಸ್ತೆಯ ಈ ಬದಿಯ ಹೊಲದವರಿಗೆ ಆ ಬದಿಯ ಶಾಲೆ ದೂರವಾಯಿತು.

ಇದನ್ನೆಲ್ಲ ಪ್ರವಾಸದ ಮೋಜಿಗಾಗಿ ಹೇಳುತ್ತಿಲ್ಲ. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಕೋವಿಡ್ ಬಂದ 2020ರಿಂದ ಅದು ನಿಂತಿತು. ಅದೇ 2006ರಲ್ಲಿ ಬಿಹಾರದಲ್ಲಿ ಆರಂಭವಾದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದರು. 2017ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಶಾಲೆ ಮೂರು ಕಿ.ಮೀ.ಗಿಂತ ದೂರ ಇದ್ದ ಹಳ್ಳಿಗಳಲ್ಲೇ ಪರಿಣಾಮ ಹೆಚ್ಚು. ಸೈಕಲ್ಲು ಕೊಟ್ಟರೆ ಸಾಲದು, ಅದು ಓಡುವ ದಾರಿಯನ್ನೂ ಕೊಡಬೇಕು ಎಂಬ ಮಾತು ಯೋಜನೆಗಳಲ್ಲಿ ಅಪರೂಪ.

ಆ ದಾರಿ ಯಾವುದೆಂದು ಗುರುತಿಸುವ ಕೆಲಸವನ್ನು ಶಾಲೆಯಲ್ಲೇ ಮಾಡಬಹುದು. ಹತ್ತು ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರಲ್ಲಿ ಗುಳ್ಳೆಯಿಲ್ಲದಂತೆ ತುಂಬಿದ ನೀರು, ಎರಡು ಅಳತೆಕೋಲು ಸಾಕು. ಗಾರೆ ಕೆಲಸದವರು ಮಟ್ಟ ನೋಡುವುದೂ ಹೀಗೆಯೇ. ಕೋಲುಗಳನ್ನು ರಸ್ತೆಯ ಮೇಲೆ ನಿಖರವಾಗಿ ಎಂಟು ಮೀಟರ್ ಅಂತರದಲ್ಲಿ ನಿಲ್ಲಿಸಿ ಕೊಳವೆಯ ಎರಡು ತುದಿಗಳನ್ನು ಅವಕ್ಕೆ ಕಟ್ಟಿ. ಎರಡೂ ಕಡೆ ನೀರು ನಿಂತ ಎತ್ತರದ ವ್ಯತ್ಯಾಸವನ್ನು 800 ಸೆಂ.ಮೀ.ನಿಂದ ಭಾಗಿಸಿದರೆ ಏರಿನ ಪ್ರಮಾಣ ಸಿಗುತ್ತದೆ. ವ್ಯತ್ಯಾಸ 40 ಸೆಂ.ಮೀ. ಬಂದರೆ ಅದೇ ಇಪ್ಪತ್ತಕ್ಕೆ ಒಂದು, ಹುಡುಗಿ ಇಳಿದು ತಳ್ಳುವ ಜಾಗ. ಲಾರಿ ಓಡಾಟ ಎಷ್ಟು ಹೊತ್ತಿಗೆ ಹೆಚ್ಚು, ಮರದ ನೆರಳು, ಕುಡಿಯುವ ನೀರು, ಪಂಕ್ಚರ್ ಅಂಗಡಿ ಎಲ್ಲಿ ಎಂಬುದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಬೇಕು. ಹ್ಯಾರಿ ಇಂಗ್ಲಿಸ್‌ನ ಪುಸ್ತಕದಲ್ಲಿ ಏರಿನ ಸಂಖ್ಯೆ ಇತ್ತು, ಪಂಕ್ಚರ್ ಅಂಗಡಿಯ ಗುರುತು ನಮ್ಮ ಮಕ್ಕಳೇ ಸೇರಿಸಬೇಕು.